ಓದುಗರ ಪ್ರಶ್ನೆ: ಬ್ಯಾಕ್‌ಗ್ಯಾಮನ್‌ನಲ್ಲಿ ಎರಡು ದಾಳಗಳನ್ನು ಕೂಡಿಸಬಹುದೇ?

ಪ್ರಶ್ನೆ: ನಾವಿಬ್ಬರು ಈಚೆಗೆ ಬ್ಯಾಕ್‌ಗ್ಯಾಮನ್ ಕಲಿಯುತ್ತಿದ್ದೇವೆ. ನನಗೆ 5 ಮತ್ತು 3 ಬಿದ್ದಾಗ ಒಂದು ಕಾಯಿಯನ್ನು ಎಂಟು ಮನೆ ಮುಂದಿಟ್ಟೆ. ನಡುವಿನ ಮನೆಯಲ್ಲಿ ತನ್ನ ಕಾಯಿಗಳಿರುವುದರಿಂದ ಅದು ತಪ್ಪು ನಡೆ ಎಂದು ಎದುರಾಳಿ ವಾದಿಸಿದರು. ಯಾರದು ಸರಿ?

ಉತ್ತರ: ನಿಮ್ಮ ನಡೆ ಸರಿಯೋ ತಪ್ಪೋ ಎಂಬುದು ನೀವು ಯಾವ ದಾಳವನ್ನು ಮೊದಲು ಆಡಿದಿರಿ ಎಂಬುದನ್ನು ಅವಲಂಬಿಸಿದೆ, ಏಕೆಂದರೆ ಈ ಆಟದಲ್ಲಿ 5 ಮತ್ತು 3 ಸೇರಿ ಎಂಟಾಗುವುದಿಲ್ಲ, ಅವು ಐದರ ಒಂದು ನಡೆ, ಮೂರರ ಇನ್ನೊಂದು ನಡೆ. ಹೊಸಬರ ಜಗಳಗಳಲ್ಲಿ ಹೆಚ್ಚಿನವು ಇದೊಂದನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

ಹಲಗೆಯ ಮೇಲೆ 24 ತ್ರಿಕೋನ ಮನೆಗಳಿವೆ, ಒಬ್ಬೊಬ್ಬರಿಗೆ 15 ಕಾಯಿಗಳು. ಆಟಗಾರನ ಸ್ವಂತ ಅಂಗಳದ (ಅವನ ಕಾಯಿಗಳು ಕೊನೆಗೆ ಬಂದು ಸೇರಬೇಕಾದ ಆರು ಮನೆಗಳ) ತುದಿಯಿಂದ ಎಣಿಸಿದರೆ 24ನೇ ಮನೆಯಲ್ಲಿ 2, 13ರಲ್ಲಿ 5, 8ರಲ್ಲಿ 3, 6ರಲ್ಲಿ 5 ಕಾಯಿಗಳನ್ನಿಟ್ಟು ಆಟ ಶುರುವಾಗುತ್ತದೆ. ಎದುರಾಳಿಯ ಎರಡು ಅಥವಾ ಹೆಚ್ಚು ಕಾಯಿಗಳಿರುವ ಮನೆ ನಿಮಗೆ ಮುಚ್ಚಿದ ಮನೆ. ಆರಂಭದಲ್ಲೇ ನಿಮ್ಮ 24ನೇ ಮನೆಯ ಕಾಯಿಗೆ 5 ಆಡಿದರೆ ಅದು 19ಕ್ಕೆ ಬರಬೇಕು, ಅಲ್ಲಿ ಎದುರಾಳಿಯ ಐದು ಕಾಯಿಗಳಿರುವುದರಿಂದ ದಾರಿಯಿಲ್ಲ. ಅದೇ ಕಾಯಿಯನ್ನು ಮೊದಲು 3 ಆಡಿ 21ಕ್ಕೆ ತಂದು, ಅಲ್ಲಿಂದ 5 ಆಡಿ 16ಕ್ಕೆ ಒಯ್ದರೆ ಯಾರೂ ಆಕ್ಷೇಪಿಸುವಂತಿಲ್ಲ. (ಮೊದಲ ನಡೆಯಲ್ಲೇ 5–3 ಬಿದ್ದರೆ ಮಾತ್ರ, 8ರಿಂದ ಒಂದು, 6ರಿಂದ ಒಂದು ಕಾಯಿಯನ್ನು 3ನೇ ಮನೆಗೆ ತಂದು ಜೋಡಿ ಮಾಡುವುದು ಎಷ್ಟೋ ಮೇಲು.)

ಎರಡೂ ದಾಳಗಳನ್ನು ಆಡಲು ಸಾಧ್ಯವಿದ್ದರೆ ಆಡಲೇಬೇಕು. ಎರಡರಲ್ಲಿ ಯಾವುದಾದರೂ ಒಂದನ್ನಷ್ಟೇ ಆಡಬಹುದಾದಾಗ ದೊಡ್ಡ ಅಂಕವನ್ನು ಆಡಬೇಕು. ಎರಡರಲ್ಲೂ ಒಂದೇ ಅಂಕ ಬಿದ್ದರೆ ಆ ಅಂಕಕ್ಕೆ ನಾಲ್ಕು ನಡೆಗಳು.

ಪ್ರಶ್ನೆ: ಹೊಡೆಸಿಕೊಂಡ ಕಾಯಿ ಮರಳಿ ಬರುವವರೆಗೆ ಬೇರೆ ಕಾಯಿ ಆಡಬಾರದೇ?

ಉತ್ತರ: ಖಂಡಿತ ಆಡಬಾರದು. ಒಂಟಿ ಕಾಯಿಯ ಮೇಲೆ ಎದುರಾಳಿ ಬಂದಿಳಿದರೆ ಅದು ಹಲಗೆಯ ನಡುವಿನ ಪಟ್ಟಿಗೆ, ಅಂದರೆ ಬಾರ್‌ಗೆ ಹೋಗುತ್ತದೆ. ಅಲ್ಲಿಂದ ಎದುರಾಳಿಯ ಅಂಗಳದಲ್ಲಿ ದಾಳದ ಅಂಕಕ್ಕೆ ಸರಿಯಾದ ಮನೆ ತೆರೆದಿದ್ದರೆ ಮಾತ್ರ ಒಳಬರಬಹುದು. ಇಲ್ಲೂ ಮೊತ್ತಕ್ಕೆ ಬೆಲೆಯಿಲ್ಲ: 2 ಮತ್ತು 1 ಬಿದ್ದು ಆ ಎರಡೂ ಮನೆಗಳು ಮುಚ್ಚಿದ್ದರೆ, 3ನೇ ಮನೆ ಖಾಲಿಯಿದ್ದರೂ ಸರದಿ ಹೋದಂತೆಯೇ. ಎದುರಾಳಿ ಅಂಗಳದ ಮೂರು ಮನೆಗಳನ್ನು ಮುಚ್ಚಿದ್ದರೆ, ದಾಳ ಬೀಳುವ 36 ರೀತಿಗಳಲ್ಲಿ 27ರಲ್ಲಿ ಒಂದು ಕಾಯಿ ಒಳಬರುತ್ತದೆ. ಐದನ್ನು ಮುಚ್ಚಿದ್ದರೆ ಕೇವಲ 11ರಲ್ಲಿ.

ಪ್ರಶ್ನೆ: ಕೊನೆಯಲ್ಲಿ ಕಾಯಿಗಳನ್ನು ಹೊರತೆಗೆಯುವಾಗ ದೊಡ್ಡ ಅಂಕ ಬಿದ್ದರೆ ಯಾವ ಕಾಯಿಯನ್ನಾದರೂ ತೆಗೆಯಬಹುದೇ?

ಉತ್ತರ: ಇಲ್ಲ. ಮೊದಲಿಗೆ, ಆಟದಲ್ಲಿ ಉಳಿದಿರುವ ನಿಮ್ಮ ಎಲ್ಲ ಕಾಯಿಗಳೂ ಸ್ವಂತ ಅಂಗಳದಲ್ಲಿರಬೇಕು. ಬಿದ್ದ ಅಂಕದ ಮನೆಯಲ್ಲಿ ಕಾಯಿಯಿದ್ದರೆ ಅದನ್ನು ತೆಗೆಯಬಹುದು. ಅಲ್ಲಿ ಇಲ್ಲದೆ ಅದಕ್ಕಿಂತ ಮೇಲಿನ ಮನೆಯಲ್ಲಿ ಕಾಯಿಯಿದ್ದರೆ ಒಳಗೇ ನಡೆಸಬೇಕು. ಮೇಲೆಯೂ ಇಲ್ಲದಿದ್ದರೆ ಉಳಿದವುಗಳಲ್ಲಿ ಅತಿ ಮೇಲಿನ ಮನೆಯ ಕಾಯಿ ಹೊರಬರುತ್ತದೆ.

ನಿಮಗೆ 6ನೇ ಮನೆಯಲ್ಲಿ ಒಂದು, 3ನೇ ಮನೆಯಲ್ಲಿ ಎರಡು ಕಾಯಿಗಳು ಉಳಿದಿದ್ದು, 5 ಮತ್ತು 2 ಬಿತ್ತೆನ್ನೋಣ. 5ನ್ನು ಮೊದಲು ಆಡಿದರೆ 6ರ ಕಾಯಿ 1ಕ್ಕೆ ಬರುತ್ತದೆ, ಬಳಿಕ 2ಕ್ಕೆ 3ರ ಕಾಯಿಯೊಂದು 1ಕ್ಕೆ ಬರುತ್ತದೆ. ಹೊರಬಂದದ್ದು ಒಂದೂ ಇಲ್ಲ. 2ನ್ನು ಮೊದಲು ಆಡಿ 6ರ ಕಾಯಿಯನ್ನು 4ಕ್ಕೆ ಇಳಿಸಿದರೆ, ಅದಕ್ಕಿಂತ ಮೇಲೆ ಬೇರೆ ಕಾಯಿ ಇಲ್ಲವಾದ್ದರಿಂದ 5ಕ್ಕೆ ಆ ಕಾಯಿಯೇ ಹೊರಬರುತ್ತದೆ. ಅವಸರದಲ್ಲಿ ದೊಡ್ಡ ಅಂಕಕ್ಕೇ ಮೊದಲು ಕೈಹಾಕುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ.

ಪ್ರಶ್ನೆ: 2, 4, 8 ಎಂದು ಬರೆದಿರುವ ಮೂರನೆಯ ದಾಳವೇಕೆ?

ಉತ್ತರ: ಅದನ್ನು ಉರುಳಿಸುವುದಿಲ್ಲ. 64ರವರೆಗಿನ ಅಂಕಗಳಿರುವ ಅದು ಪಣವನ್ನು ಇಮ್ಮಡಿಗೊಳಿಸುವ ಗುರುತು. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದದ್ದು. ಕಲಿಯುವ ದಿನಗಳಲ್ಲಿ ಅದನ್ನು ಪೆಟ್ಟಿಗೆಯಲ್ಲೇ ಬಿಡಿ.