ಫ್ರಾಸ್ಟ್ ಬ್ಯಾಂಕ್, ಕಲನ್ ಫ್ರಾಸ್ಟ್ ಬ್ಯಾಂಕರ್ಸ್ ಎರಡೂ ಒಂದೇನಾ? ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋಗೆ ಹೊಸಬ ನಾನು, ಖಾತೆ ತೆರೆಯಬಹುದಾ?

ಎರಡೂ ಒಂದೇ ಮನೆಯವು, ಆದ್ರೆ ಒಂದೇ ಅಲ್ಲ. ನಿಮ್ಮ ಸಂಬಳ ಬೀಳುವುದು ಫ್ರಾಸ್ಟ್ ಬ್ಯಾಂಕಿಗೆ. ಷೇರುಪೇಟೆಯಲ್ಲಿ ಸಿಎಫ್‌ಆರ್ ಅಂತ ಕಾಣುವುದು ಅದರ ಯಜಮಾನ ಕಂಪನಿ, ಕಲನ್ ಫ್ರಾಸ್ಟ್ ಬ್ಯಾಂಕರ್ಸ್. ಅದಕ್ಕೆ ಕೌಂಟರೂ ಇಲ್ಲ, ಕ್ಯಾಷಿಯರೂ ಇಲ್ಲ. ಬ್ಯಾಂಕು, ಇನ್ಶೂರೆನ್ಸ್, ಹೂಡಿಕೆ ವ್ಯವಹಾರ ಎಲ್ಲ ಅದರ ನೆರಳಲ್ಲಿವೆ. ಈ ವ್ಯತ್ಯಾಸ ನೆನಪಿರಲಿ: ಬ್ಯಾಂಕಿನಲ್ಲಿಟ್ಟ ಠೇವಣಿಗೆ 2,50,000 ಡಾಲರ್‌ವರೆಗೆ ಎಫ್‌ಡಿಐಸಿ (ಅಮೆರಿಕ ಸರ್ಕಾರದ ಠೇವಣಿ ವಿಮಾ ಸಂಸ್ಥೆ) ವಿಮೆ ಇದೆ. ಷೇರು ಕೊಂಡರೆ ಆ ದುಡ್ಡಿಗೆ ವಿಮೆ ಇಲ್ಲ.

ಇದರ ಶುರು ನನಗೆ ತುಂಬ ಇಷ್ಟ. 1868ರಲ್ಲಿ ಟಿ.ಸಿ. ಫ್ರಾಸ್ಟ್ ಸ್ಯಾನ್ ಆಂಟೋನಿಯೋದಲ್ಲಿ ಅಂಗಡಿ ಇಟ್ಟಿದ್ದರು. ಕುರಿ ಸಾಕುವವರ ಉಣ್ಣೆಯನ್ನು ಒಳ್ಳೆ ರೇಟು ಬರುವ ತನಕ ಗೋದಾಮಿನಲ್ಲಿಡುತ್ತಿದ್ದರು, ಸಾಲವನ್ನೂ ಕೊಡುತ್ತಿದ್ದರು. ಶಿರಸಿ ಕಡೆ ಅಡಿಕೆ ವಖಾರಿಯಲ್ಲಿಟ್ಟು ಮುಂಗಡ ತಗೊಳ್ತಾರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಹೆಸರಿನ 'ಕಲನ್' ಬಂದಿದ್ದು 1977ರಲ್ಲಿ, ಹ್ಯೂಸ್ಟನ್ನಿನ ಕಲನ್ ಬ್ಯಾಂಕರ್ಸ್ ಜೊತೆ ಸೇರಿದಾಗ.

ಎಂಬತ್ತರ ದಶಕದಲ್ಲಿ ತೈಲದ ಬೆಲೆ ಕುಸಿದು, ಜಮೀನಿನ ಮೇಲೆ ಕೊಟ್ಟ ಸಾಲಗಳೂ ಮುಳುಗಿದವು. ಟೆಕ್ಸಾಸ್‌ನ ಹತ್ತು ದೊಡ್ಡ ಬ್ಯಾಂಕ್ ಕಂಪನಿಗಳಲ್ಲಿ ಸರ್ಕಾರದ ನೆರವಿಲ್ಲದೆ, ಇನ್ನೊಬ್ಬರ ಕೈ ಸೇರದೆ ಉಳಿದಿದ್ದು ಇದೊಂದೇ. 2008ರಲ್ಲಿ ಸರ್ಕಾರ ಬ್ಯಾಂಕುಗಳಿಗೆ ದುಡ್ಡು ಕೊಡಲು ಬಂದಾಗಲೂ ಇವರು ಬೇಡ ಅಂದರು. ಸ್ವಲ್ಪ ಜಿಪುಣರು ಅನ್ನಿ. ನನ್ನ ದುಡ್ಡು ಇಡುವವರು ಜಿಪುಣರಾಗಿದ್ದರೇ ಒಳ್ಳೇದು ಅಲ್ವಾ?

ಸೇವೆಗಳು ಮಾಮೂಲಿನವೇ: ಚೆಕಿಂಗ್ (ದಿನನಿತ್ಯದ ವ್ಯವಹಾರದ ಖಾತೆ), ಉಳಿತಾಯ, ವ್ಯಾಪಾರಕ್ಕೆ ಸಾಲ. ಸುಮಾರು ಎರಡು ದಶಕ ಬಿಟ್ಟಿದ್ದ ಗೃಹಸಾಲ ಈಚೆಗೆ ಮತ್ತೆ ಶುರುವಾಗಿದೆ. ನನಗೆ ಹಿಡಿಸಿದ್ದು ಫೋನು. ಒಮ್ಮೆ ರಾತ್ರಿ ಹನ್ನೊಂದಕ್ಕೆ, ಎಚ್‌ಇಬಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರ್ಡ್ ಕಳೆದುಕೊಂಡು ಫೋನ್ ಮಾಡಿದ್ದೆ. ಎತ್ತಿದ್ದು ಮನುಷ್ಯರೇ. ಒಂದು ಒತ್ತಿ, ಎರಡು ಒತ್ತಿ ಅನ್ನೋ ರಗಳೆ ಇರಲಿಲ್ಲ.

ತೊಡಕು ಒಂದೇ. ಶಾಖೆಗಳೆಲ್ಲ ಟೆಕ್ಸಾಸ್‌ನಲ್ಲೇ. ನಾಳೆ ನಿಮಗೆ ಸಿಯಾಟಲ್‌ಗೆ ವರ್ಗ ಆದರೆ ಆ್ಯಪ್ ಮತ್ತು ಫೋನೇ ಗತಿ. ಊರಿಗೆ ದುಡ್ಡು ಕಳಿಸಲು ಮಾತ್ರ ನಾನು ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಮಾಡುವುದಿಲ್ಲ, ರೆಮಿಟೆನ್ಸ್ ಆ್ಯಪ್‌ನಲ್ಲಿ ಖರ್ಚು ಕಮ್ಮಿ. ಸಂಬಳಕ್ಕೆ ಇಲ್ಲಿ ಧಾರಾಳವಾಗಿ ತೆರೆಯಿರಿ. ಕೆಲಸ ಬದಲಾಗುವ ಲಕ್ಷಣ ಇದ್ದರೆ, ದೇಶವೆಲ್ಲ ಶಾಖೆ ಇರುವ ಇನ್ನೊಂದು ಬ್ಯಾಂಕಿನಲ್ಲೂ ಸುಮ್ನೆ ಒಂದು ಖಾತೆ ಇರಲಿ.