ಅಕ್ಕಿ ಚೀಲದೊಳಗಿನ ಕರಪತ್ರ

ಕ್ರಿಸ್‌ಮಸ್ ಹತ್ತಿರ ಬಂತು. ಈ ಸಲದ ಪತ್ರಗಳಲ್ಲಿ ಅರ್ಧದಷ್ಟು ಸೇವೆಯ ಬಗ್ಗೆ, ಉಳಿದ ಅರ್ಧ ಮನೆಯ ಬಗ್ಗೆ. ಮೊದಲು ಬೇರೆ ಬೇರೆ ಮಾಡಿಟ್ಟುಕೊಂಡಿದ್ದೆ. ಓದ್ತಾ ಓದ್ತಾ ಎರಡೂ ಒಂದೇ ಅನ್ನಿಸಿತು, ಹಾಗಾಗಿ ಮತ್ತೆ ಕಲಸಿಬಿಟ್ಟೆ. ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಕ್ಕಾ, ನಮ್ಮ ಸಭೆಯ (ಚರ್ಚಿನ) ಯೌವನಸ್ಥರ ಕೂಟದಿಂದ ಕ್ರಿಸ್‌ಮಸ್‌ಗೆ ಮುಂಚೆ ಪಕ್ಕದ ಕೊಳೆಗೇರಿಯ ನೂರು ಮನೆಗೆ ಅಕ್ಕಿ, ಬೇಳೆ, ಎಣ್ಣೆ ಕೊಡೋದು ಅಂತ ತೀರ್ಮಾನ ಆಗಿದೆ. ಪ್ರತಿ ಚೀಲದೊಳಗೆ ಒಂದು ಸುವಾರ್ತೆಯ ಕರಪತ್ರ ಇಡಬೇಕು ಅಂತ ಹಿರಿಯರು ಹೇಳ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಹಾಗಂದರೆ "ನಿನಗೆ ಕರ್ತನ ಹೆಸರು ಹೇಳೋಕೆ ನಾಚಿಕೆಯಾ?" ಅಂತ ಕೇಳ್ತಾರೆ. ನಾನು ತಪ್ಪಾ? (ದಾವಣಗೆರೆ)

ತಪ್ಪಲ್ಲ ತಮ್ಮಾ. ಆ ಕರಪತ್ರವನ್ನು ಚೀಲದಿಂದ ತೆಗೆಸು.

ಕರ್ತನ ಹೆಸರು ಹೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೊಂದು ಗೆರೆಯನ್ನೂ ಎಳೆಯಿತು. ನಿನ್ನ ನಂಬಿಕೆ ಏನು ಅಂತ ತಿಳಿಸಿ ಹೇಳಬಹುದು, ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವುದು ನಿನ್ನ ಮೂಲಭೂತ ಹಕ್ಕಲ್ಲ ಅಂದಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆಯಂತೂ ಉಡುಗೊರೆ ಕೊಡುವುದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದನ್ನು ಹಿಂತೆಗೆಯಬೇಕು ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿದ್ದೂ ನಿಮಗೆಲ್ಲ ಗೊತ್ತು. ಆದರೆ ಕಾನೂನನ್ನು ಬದಿಗಿಡು. ಯಾವ ಕಾನೂನೂ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಯಾಕೆ ಅಂತ ಹೇಳ್ತೀನಿ ಕೇಳು. ತುಂಬಾ ವರ್ಷಗಳ ಹಿಂದಿನ ಮಾತು. ನನ್ನ ಯಜಮಾನರು ಹಾವೇರಿ ಕಡೆ ಸಭಾಪಾಲಕರಾಗಿದ್ದರು. ಹೊಳೆ ಏರಿ ಒಂದು ಹಳ್ಳಿಯ ಮನೆಗಳಿಗೆ ನೀರು ನುಗ್ಗಿತ್ತು. ನಾವು ಕಂಬಳಿ ತೆಗೆದುಕೊಂಡು ಹೋದೆವು. ಮೊದಲು ಪ್ರಾರ್ಥನೆ, ಆಮೇಲೆ ಕಂಬಳಿ ಅಂತ ಕ್ರಮ ಹಾಕಿದವಳು ನಾನೇ. ಮಳೆ ಇನ್ನೂ ಜಿನುಗುತ್ತಿತ್ತು, ಹೆಂಗಸರು ಒದ್ದೆ ಸೀರೆಯಲ್ಲೇ ಶಾಲೆಯ ಜಗಲಿ ಮೇಲೆ ನಿಂತಿದ್ದರು, ಮೊಮ್ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ಒಬ್ಬ ಮುದುಕಿ ಎಲ್ಲರಿಗಿಂತ ಮುಂದೆ ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದಳು. ಪ್ರಾರ್ಥನೆ ಮುಗಿಯಿತು. ಆಕೆ ಕಣ್ಣು ತೆರೆದು ನನ್ನನ್ನು ಕೇಳಿದಳು, "ಇಷ್ಟು ಸಾಕೇನವ್ವ, ಇನ್ನೂ ಮಾಡಬೇಕಾ?"

ಆಕೆಯ ಪಾಲಿಗೆ ಅದು ಪ್ರಾರ್ಥನೆ ಆಗಿರಲಿಲ್ಲ, ಕಂಬಳಿಯ ಬೆಲೆಯಾಗಿತ್ತು. ಹಾಗೆ ಮಾಡಿದವಳು ನಾನು. ಇವತ್ತಿಗೂ ಆ ಮಾತು ನೆನಪಾದರೆ ಸಂಕಟ ಆಗುತ್ತೆ. ಹಸಿದವರು, ಚಳಿಯಲ್ಲಿ ನಡುಗುವವರು ಬೇಡ ಅನ್ನೋ ಸ್ಥಿತಿಯಲ್ಲಿ ಇರಲ್ಲ. ಬೇಡ ಅನ್ನಲು ಆಗದವರ ಕೈಗೆ ಅಕ್ಕಿಯ ಜೊತೆ ಏನನ್ನು ಸೇರಿಸಿ ಕೊಟ್ಟರೂ ಅದು ಒತ್ತಾಯವೇ ಆಗುತ್ತೆ, ಅಲ್ವಾ?

ಲೂಕನ ಸುವಾರ್ತೆ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ. ಹತ್ತೂ ಜನರಿಗೆ ವಾಸಿ ಆಯಿತು. ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರ ಇಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಸ್ವಾಮಿ ಕೇಳಿದರು, ನಿಜ. ಆದರೆ ಅವರಿಗೆ ಕೊಟ್ಟ ಸ್ವಸ್ಥತೆಯನ್ನು ವಾಪಸ್ ತಗೊಳ್ಳಲಿಲ್ಲ. ವಾಸಿ ಮಾಡೋಕೆ ಮುಂಚೆ ಯಾವ ಮಾತನ್ನೂ ಕೊಡಿಸಿಕೊಳ್ಳಲಿಲ್ಲ.

ನಮ್ಮ ನಾಡಲ್ಲೇ ನೋಡು. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಶುರುಮಾಡಿದರು. ಹತ್ತು ವರ್ಷದಲ್ಲಿ, 1890ಕ್ಕೆ, ಮನೆಯವರೇ ಹೊರಗೆ ಹಾಕುತ್ತಿದ್ದ ಕುಷ್ಠರೋಗಿಗಳಿಗೆ ಒಂದು ಆಸ್ಪತ್ರೆ ಆಯಿತು. ಇಷ್ಟು ವರ್ಷ ಆದಮೇಲೂ ಅಲ್ಲಿಗೆ ಎಲ್ಲ ಜಾತಿ ಧರ್ಮದವರು ಹೋಗುತ್ತಾರೆ. ಆ ನಂಬಿಕೆ ಒಂದು ದಿನದಲ್ಲಿ ಬಂದದ್ದಲ್ಲ.

ಇನ್ನೊಂದು ಮಾತು. ಅಕ್ಕಿಯೇ ಬೇಕು ಅಂತ ಅವರು ಹೇಳಿದ್ದಾರಾ? ಅನ್ನಭಾಗ್ಯದ ಅಕ್ಕಿ ಬಹಳಷ್ಟು ಮನೆಗಳಿಗೆ ಬರುತ್ತೆ. ಹಂಚುವ ಮೊದಲು ನಾಲ್ಕು ಜನ ಹೋಗಿ, ಸುಮ್ನೆ ಕೂತು, ಏನು ತೊಂದರೆ ಇದೆ ಅಂತ ಕೇಳಿ. ಬೆರಳಚ್ಚು ಕೂಡದೆ ರೇಷನ್ ನಿಂತುಹೋದ ಅಜ್ಜಿ ಇರುತ್ತಾಳೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕೋದು ಗೊತ್ತಿಲ್ಲದ ತಾತ ಇರುತ್ತಾನೆ. ಗಣಿತದಲ್ಲಿ ಫೇಲಾಗೋ ಭಯದಲ್ಲಿರೋ ಎಸ್ಸೆಸ್ಸೆಲ್ಸಿ ಹುಡುಗಿ ಇರುತ್ತಾಳೆ. ನಿಮ್ಮ ಕೂಟದಲ್ಲಿ ಓದಿದ ಹುಡುಗರಿದ್ದೀರಿ. ಡಿಸೆಂಬರ್‌ನಲ್ಲಿ ಒಂದು ಚೀಲ ಕೊಟ್ಟು ಬರುವುದಕ್ಕಿಂತ ಮಾರ್ಚ್ ಪರೀಕ್ಷೆವರೆಗೆ ವಾರಕ್ಕೆರಡು ಸಂಜೆ ಆ ಹುಡುಗಿಗೆ ಲೆಕ್ಕ ಹೇಳಿಕೊಡೋದು ಕಷ್ಟದ ಕೆಲಸ. ಅದನ್ನು ಮಾಡಿ.

ಹಾಗೆ ಹೋಗಿ ಬಂದು ಮಾಡುವಾಗ ಯಾರೋ ಒಬ್ಬರು ಕೇಳೇ ಕೇಳ್ತಾರೆ, ನೀವು ಯಾಕೆ ಇದನ್ನೆಲ್ಲ ಮಾಡ್ತೀರಿ ಅಂತ. ಆಗ ಬಾಯಿ ಬಿಟ್ಟು ಹೇಳು, ನಾಚಿಕೆ ಬೇಡ. ಪೇತ್ರನ ಮೊದಲನೆಯ ಪತ್ರ 3:15ನ್ನು ಹಿರಿಯರಿಗೆ ತೋರಿಸು. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದೂ ಸೌಮ್ಯವಾಗಿ, ಗೌರವದಿಂದ ಅಂತ ಅಲ್ಲಿದೆ. ಕೇಳುವವರಿಗೆ ಅಂತ ಇದೆ, ಅಕ್ಕಿಗೆ ಸಾಲು ನಿಂತವರಿಗೆ ಅಂತ ಇಲ್ಲ. ಫೋಟೋನೂ ಬೇಡ. ಚೀಲ ತಗೊಳ್ಳುವ ತಾಯಿಯ ಮುಖ ವಾಟ್ಸಾಪ್‌ನಲ್ಲಿ ಓಡಾಡಬಾರದು.

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ಕುಟುಂಬ ಪ್ರಾರ್ಥನೆಗೆ ಕೂರುವುದಿಲ್ಲ. ಕೂತರೂ ಮುಖ ಗಂಟು. ರಾತ್ರಿ ಮುಕ್ಕಾಲು ಗಂಟೆ ಪ್ರಾರ್ಥನೆ ನಮ್ಮ ಮನೆಯ ರೂಢಿ. ಅತ್ತೆ "ನೀನು ಸರಿಯಾಗಿ ಬೆಳೆಸಲಿಲ್ಲ" ಅಂತ ನನ್ನನ್ನೇ ಬೈಯುತ್ತಾರೆ. ಯಜಮಾನರಿಗೆ ಶಿಫ್ಟ್ ಕೆಲಸ, ಮನೆಯಲ್ಲಿ ಇರೋದೇ ಕಡಿಮೆ. (ಬೆಂಗಳೂರು)

ಮುಕ್ಕಾಲು ಗಂಟೆ ಜಾಸ್ತಿ ಆಯ್ತು ಕಣಮ್ಮ. ಶಾಲೆ, ಟ್ಯೂಷನ್ ಎಲ್ಲ ಮುಗಿಸಿ ಬಂದ ಮಗುವಿಗೆ ರಾತ್ರಿ ಒಂಬತ್ತೂವರೆಗೆ ಅಷ್ಟು ಹೊತ್ತು ಕೂರೋದು ಶಿಕ್ಷೆ ಥರ ಅನ್ನಿಸುತ್ತೆ. ಹತ್ತು ನಿಮಿಷ ಮಾಡಿ. ಒಂದು ಹಾಡು, ಸುವಾರ್ತೆಯಿಂದ ಏಳೆಂಟು ವಚನ, ಪುಟ್ಟ ಪ್ರಾರ್ಥನೆ. ಹಾಡು ಯಾವುದು ಅಂತ ಅವನೇ ಆರಿಸಲಿ. ವಾರದಲ್ಲಿ ಒಂದು ದಿನ ಅವನೇ ನಡೆಸಲಿ. ತಪ್ಪು ತಪ್ಪಾಗಿ ಮಾಡಿದರೂ ತಿದ್ದೋಕೆ ಹೋಗಬೇಡಿ.

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಇದನ್ನು ಬರೀತೀನಿ. ನನ್ನ ಮಗ ಚಿಕ್ಕವನಿದ್ದಾಗ ನಾನು ಪ್ರಾರ್ಥನೆಯಲ್ಲಿ "ಕರ್ತನೇ, ಇವನಿಗೆ ಓದೋ ಬುದ್ಧಿ ಕೊಡು, ಹಟ ಬಿಡಿಸು, ಸುಳ್ಳು ಹೇಳದ ಹಾಗೆ ಮಾಡು" ಅಂತೆಲ್ಲ ಅವನ ಎದುರಿಗೇ ಹೇಳುತ್ತಿದ್ದೆ. ಅವನಿಗೆ ಮದುವೆಯಾಗಿ ಮಕ್ಕಳಾದ ಮೇಲೆ ಒಂದು ದಿನ ಅಂದ, "ಅಮ್ಮ, ನೀನು ದಿನಾ ರಾತ್ರಿ ದೇವರಿಗೆ ನನ್ನ ಮೇಲೆ ದೂರು ಕೊಡ್ತಿದ್ದೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ತಿದ್ದೆ." ನನಗೆ ಮಾತೇ ಹೊರಡಲಿಲ್ಲ. ಮಕ್ಕಳ ಮನಸ್ಸು ಕುಂದುವ ಹಾಗೆ ಕೆಣಕಬೇಡಿ ಅಂತ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಇದೆ, ಅದನ್ನು ನಾನು ಎಷ್ಟೋ ಸಲ ಹೆಂಗಸರ ಕೂಟದಲ್ಲಿ ಓದಿ ಹೇಳಿದವಳು. ಮಗನಿಗೋಸ್ಕರ ಬೇಡಿಕೊಳ್ಳಿ, ಆದರೆ ಒಬ್ಬರೇ ಇದ್ದಾಗ. ಅವನ ಎದುರಿಗೆ ಅವನಿಗಾಗಿ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಮಾತ್ರ ಹೇಳಿ.

ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನು ಮಕ್ಕಳಿಗೆ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಹೇಳಿಕೊಡಿ ಅಂತಿದೆ. ಯಜಮಾನರಿಗೆ ರಾತ್ರಿ ಆಗದಿದ್ದರೆ ಬೆಳಿಗ್ಗೆ ಸ್ಕೂಟರ್‌ನಲ್ಲಿ ಶಾಲೆಗೆ ಬಿಡುವಾಗ ಮಾತಾಡಲಿ. ಅತ್ತೆಯವರಿಗೂ ಒಂದು ಕೆಲಸ ಕೊಡಿ. ಅವರು ಚಿಕ್ಕವರಿದ್ದಾಗ ಅವರ ಮನೆಯಲ್ಲಿ ಕ್ರಿಸ್‌ಮಸ್ ಹೇಗಿತ್ತು, ಕಷ್ಟದಲ್ಲಿ ಯಾರು ಕೈ ಹಿಡಿದರು, ಇದನ್ನೆಲ್ಲ ಮೊಮ್ಮಗನಿಗೆ ಹೇಳಲಿ. ಬೈಗುಳ ತಾನಾಗಿ ಕಡಿಮೆ ಆಗಬಹುದು.

ಪ್ರಶ್ನೆ: ನನ್ನ ಗಂಡ ಸಭೆಯ ಕಮಿಟಿಯಲ್ಲಿದ್ದಾರೆ. ಆಫೀಸು ಬಿಟ್ಟರೆ ಮನೆ ಭೇಟಿ, ಆಸ್ಪತ್ರೆ ಭೇಟಿ, ಉಪವಾಸ ಪ್ರಾರ್ಥನೆ, ಮೀಟಿಂಗು. ಎಲ್ಲರೂ ಹೊಗಳುತ್ತಾರೆ. ಮನೆಯಲ್ಲಿ ನನ್ನ ಅತ್ತೆಯ ಬಿಪಿ ಮಾತ್ರೆ ಮುಗಿದು ಎರಡು ವಾರ ಆಗಿತ್ತು, ನನ್ನ ಗಂಡನಿಗೆ ಗೊತ್ತೇ ಇರಲಿಲ್ಲ. ಕೇಳಿದರೆ "ದೇವರ ಕೆಲಸಕ್ಕೆ ಅಡ್ಡ ಬರಬೇಡ" ಅಂದರು. (ಹುಬ್ಬಳ್ಳಿ)

ತಂಗಿ, ಈ ಉತ್ತರ ನಿಮ್ಮ ಯಜಮಾನರಿಗೆ. ಈ ಪುಟವನ್ನು ಅವರ ಕೈಗೆ ಕೊಡಿ.

ಅಣ್ಣಾ, ಮಾರ್ಕನ ಸುವಾರ್ತೆ 7ನೇ ಅಧ್ಯಾಯ ತೆಗೆಯಿರಿ. ತಂದೆ ತಾಯಿಗೆ ಕೊಡಬೇಕಾದ್ದನ್ನು "ಕೊರ್ಬಾನ್, ಇದು ದೇವರಿಗೆ ಇಟ್ಟದ್ದು" ಅಂತ ಹೇಳಿ ಜಾರಿಕೊಳ್ಳುತ್ತಿದ್ದವರನ್ನು ಯೇಸು ಸ್ವಾಮಿ ಎಷ್ಟು ಕಟುವಾಗಿ ಕೇಳಿದರು ನೋಡಿ. ದೇವರ ಹೆಸರು ಹೇಳಿ ದೇವರ ಮಾತನ್ನೇ ಮುರಿಯುತ್ತೀರಿ ಅಂದರು. ನಿಮ್ಮ ಸಮಯ ಆ ಕೊರ್ಬಾನ್ ಆಗಿದೆ. ಬೇರೆಯವರ ತಾಯಿಯ ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡುವ ನೀವು ನಿಮ್ಮ ತಾಯಿಯ ಮಾತ್ರೆಯ ಡಬ್ಬಿ ತೆರೆದು ನೋಡಲಿಲ್ಲ. ಸ್ವಂತ ಮನೆಯನ್ನು ನೋಡಿಕೊಳ್ಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೂ ಕೇಳಿದೆ. ನಿಮಗೆ ಬೇಜಾರಾಗಬಹುದು. ಆದರೂ ಹೇಳಬೇಕು, ಯಾಕಂದರೆ ನಿಮ್ಮ ಮನೆಯಾಕೆ ಒಬ್ಬರೇ ಹೊತ್ತುಕೊಂಡಿದ್ದಾರೆ, ಸುಸ್ತಾಗಿದ್ದಾರೆ.

ವಾರದಲ್ಲಿ ಎರಡು ಸಂಜೆ ಸಭೆಗೆ. ಉಳಿದದ್ದು ಮನೆಗೆ. ಸಭಾಪಾಲಕರಾದ ಅಯ್ಯನವರಿಗೆ ಹೋಗಿ ಹಾಗೇ ಹೇಳಿ, ಅವರು ಒಪ್ಪುತ್ತಾರೆ. ತಾಯಿಯನ್ನು ಮುಂದಿನ ಚೆಕಪ್‌ಗೆ ನೀವೇ ಕರಕೊಂಡು ಹೋಗಿ, ಚೀಟಿ ಮಾಡಿಸಿ, ಸರದಿಯಲ್ಲಿ ಕೂರಿ.

ಪ್ರಶ್ನೆ: ನರ್ಸಿಂಗ್ ಮುಗಿಸಿದ್ದೇನೆ. ಓದಿನ ಸಾಲ ಇದೆ. ಅಪ್ಪ ಅಮ್ಮ ವಿದೇಶಕ್ಕೆ ಹೋಗು ಅಂತಾರೆ. ಕೂಟದಲ್ಲಿ ಒಬ್ಬರು "ಪೂರ್ಣಾವಧಿ ಸೇವೆಗೆ ಬರದೆ ಸಂಬಳಕ್ಕೆ ಹೋಗೋದು ಲೋಕದ ದಾರಿ" ಅಂದರು. ಅವತ್ತಿಂದ ನಿದ್ದೆ ಬರುತ್ತಿಲ್ಲ. (ಕೊಳ್ಳೇಗಾಲ)

ನಿದ್ದೆ ಮಾಡು ಮಗಳೇ. ಸಾಲ ತೀರಿಸೋದೂ ದೇವರಿಗೆ ಮೆಚ್ಚುಗೆಯ ಕೆಲಸವೇ.

1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಏನೇನು ಮಾಡಿದರು ಅಂತ ಒಮ್ಮೆ ನೆನಪಿಸಿಕೋ. ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು, ಅದರ ಹಿಂದೆ ಎಷ್ಟೋ ವರ್ಷಗಳ ದುಡಿಮೆ ಇತ್ತು. ಆ ಕಾಲದಲ್ಲಿ ಕ್ರೈಸ್ತರಾದವರನ್ನು ಮನೆಯಿಂದ, ಕುಲಕಸುಬಿನಿಂದ ಹೊರಗೆ ಹಾಕುತ್ತಿದ್ದರು. ಅವರ ಹೊಟ್ಟೆಪಾಡಿಗೆ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಅಕ್ಷರದ ಮೊಳೆ ಜೋಡಿಸಿದವರು, ಮಗ್ಗದಲ್ಲಿ ಕೂತವರು, ಹೆಂಚು ಸುಟ್ಟವರು ಎಲ್ಲರೂ ಸೇರಿ ಆ ಕೆಲಸ ನಡೆದದ್ದು. ನಿಮ್ಮ ಕಡೆಯವರಿಗೆ ಗೊತ್ತಿರುವ ಮೈಸೂರಿನ ಮಿಷನ್ ಆಸ್ಪತ್ರೆ 1906ರಲ್ಲಿ ಶುರುವಾಗಿದ್ದು ಹೆಂಗಸರಿಗೆ, ಮಕ್ಕಳಿಗೆ ಅಂತ. ರಾತ್ರಿಯೆಲ್ಲ ಎಚ್ಚರ ಇದ್ದು ಹೆರಿಗೆ ಮಾಡಿಸಿದ ನರ್ಸ್‌ಗಳು ಸಂಬಳ ತಗೊಂಡೇ ಕೆಲಸ ಮಾಡಿದರು. ಅದು ಲೋಕದ ದಾರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ನನ್ನನ್ನು ಕೇಳಿದರೆ, ವಿದೇಶಕ್ಕೆ ಹೋಗುವ ಮೊದಲು ಎರಡು ವರ್ಷ ಇಲ್ಲೇ ಒಂದು ತಾಲೂಕು ಆಸ್ಪತ್ರೆಯಲ್ಲೋ ಮಿಷನ್ ಆಸ್ಪತ್ರೆಯಲ್ಲೋ ಕೆಲಸ ಮಾಡು. ಕೈ ಪಳಗುತ್ತೆ. ಹಾಡಿಗಳಿಂದ ಬರುವ ಸೋಲಿಗರ ಹೆಂಗಸರ ಜೊತೆ ಸಮಾಧಾನದಿಂದ ಮಾತಾಡುವ ಒಬ್ಬ ನರ್ಸ್ ನಿಮ್ಮ ಕಡೆ ಎಷ್ಟು ಬೇಕು ಅಂತ ನಿನಗೇ ಗೊತ್ತು. ಆಮೇಲೆ ಹೋಗಬೇಕು ಅನ್ನಿಸಿದರೆ ಹೋಗು. ಯಾರದ್ದೋ ಒಂದು ಮಾತಿಗೆ ಹೆದರಿ ಹೋಗೋದೂ ಬೇಡ, ಹೆದರಿ ಉಳಿಯೋದೂ ಬೇಡ.

ಪ್ರಶ್ನೆ: ಪಕ್ಕದ ಮನೆಯವರು ಚೌತಿಗೆ ಕಡುಬು, ಚಕ್ಕುಲಿ ತಂದುಕೊಡ್ತಾರೆ. ನಾವು ಮೊದಲಿಂದಲೂ ತಿಂದವರೇ. ಈಗ ಮಗ ಬೇಡ ಅಂತಾನೆ. ಏನು ಮಾಡಲಿ? (ಮಂಗಳೂರು)

ಮಗನ ಮನಸ್ಸಾಕ್ಷಿಗೆ ಒಪ್ಪದಿದ್ದರೆ ಅವನು ತಿನ್ನೋದು ಬೇಡ, ಒತ್ತಾಯ ಮಾಡಬೇಡಿ. ಆದರೆ ಬಾಗಿಲಿಗೆ ಬಂದವರ ಎದುರು ಮುಖ ತಿರುಗಿಸಬಾರದು ಅಂತ ಅವನಿಗೆ ಹೇಳಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಇಬ್ಬರೂ ಕೂತು ಓದಿ, ಅಲ್ಲಿ ಎರಡೂ ಕಡೆಯ ಮಾತಿದೆ. ನಾನಂತೂ ಎರಡೂ ಕೈ ಚಾಚಿ ತಗೊಳ್ತೀನಿ. ಡಿಸೆಂಬರ್‌ನಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಕೊಡುವಾಗ ಅವರು ಮೊಟ್ಟೆ ತಿನ್ನದವರಾದರೆ ಕೇಕ್ ಬೇಡ. ಮೊಟ್ಟೆ ಹಾಕದೆ ಮಾಡಿದ ನೆವ್ರಿ, ಗುಳಿಯೊ ಬೇರೆ ಡಬ್ಬಿಯಲ್ಲಿ ಹಾಕಿ, ಮೊಟ್ಟೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ, ಮಗನ ಕೈಯಲ್ಲೇ ಕಳಿಸಿ.