ನಿಮ್ಮ ಮೂರನೇ ಪ್ಯಾರಾ ಬಗ್ಗೆ

ಪ್ರಿಯರೇ,

ಹಣ್ಣುನೊಣದ ಮೊಟ್ಟೆಯೊಳಗೆ ಯಾವ ಜೀನ್ ಎಲ್ಲಿ ಕೆಲಸ ಶುರು ಮಾಡುತ್ತದೆ ಎಂಬ ನಿಮ್ಮ ಲೇಖನ ತಲುಪಿತು. ಕುಮಟಾದಲ್ಲಿ ಕಾಲೇಜು ಓದುತ್ತಾ ಇಂಥ ವಿಷಯವನ್ನು ಕನ್ನಡದಲ್ಲಿ ಬರೆದಿದ್ದೀರಿ, ಸಂತೋಷ. ಭಾಷೆ ಚೆನ್ನಾಗಿದೆ. ಆದರೆ ಮೂರನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

"ಯಾವ ಜೀನ್ ಎಲ್ಲಿ ಕೆಲಸ ಮಾಡಬೇಕೆಂದು ನಿಯಂತ್ರಕ ಡಿಎನ್‌ಎಗೆ ಗೊತ್ತಿರುತ್ತದೆ" ಎಂದು ಶುರು ಮಾಡಿದ್ದೀರಿ. ಹೇಗೆ ಗೊತ್ತಿರುತ್ತದೆ? ಮೊಟ್ಟೆ ಇಟ್ಟು 3 ಗಂಟೆಯಾಗುವ ಹೊತ್ತಿಗೆ ಆ ಭ್ರೂಣದಲ್ಲಿ ಸುಮಾರು 6000 ನ್ಯೂಕ್ಲಿಯಸ್‌ಗಳಿರುತ್ತವೆ. ಎಲ್ಲದರಲ್ಲೂ ಇರುವುದು ಅದೇ ಡಿಎನ್‌ಎ. ಅದೊಂದಕ್ಕೇ ಎಲ್ಲ ಗೊತ್ತಿದ್ದರೆ ತಲೆ ಕಡೆಯದೂ ಬಾಲದ ಕಡೆಯದೂ ಒಂದೇ ಥರ ನಡೆದುಕೊಳ್ಳಬೇಕಿತ್ತು, ಅಲ್ವಾ? ಓದುಗರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನೀವು ಸುಮ್ನೆ ದಾಟಿಬಿಟ್ಟಿದ್ದೀರಿ.

ಮುಂದಿನ ಸಾಲು: "ಹೀಗೆ ಈವನ್-ಸ್ಕಿಪ್ಡ್ ಜೀನ್ ಏಳು ಪಟ್ಟೆಗಳಲ್ಲಿ ನಿಯಂತ್ರಿಸಲ್ಪಡುತ್ತದೆ." ಯಾರಿಂದ? ಇಡೀ ಲೇಖನದ ಜೀವ ಇಲ್ಲೇ ಇತ್ತು. ಭ್ರೂಣಕ್ಕೆ ಅಡ್ಡಲಾಗಿ ಈ ಜೀನ್ ಕೆಲಸ ಮಾಡುವ ಏಳು ಪಟ್ಟೆಗಳಲ್ಲಿ ಎರಡನೆಯದೊಂದನ್ನೇ ತೆಗೆದುಕೊಳ್ಳಿ. ಅದಕ್ಕೆಂದೇ ಆ ಜೀನ್‌ಗೆ ಸ್ವಲ್ಪ ಮುಂಚೆ ಸುಮಾರು 480 ಅಕ್ಷರಗಳ ಡಿಎನ್‌ಎ ತುಂಡೊಂದಿದೆ. ಬೈಕಾಯ್ಡ್, ಹಂಚ್‌ಬ್ಯಾಕ್ ಎಂಬ ಪ್ರೋಟೀನ್‌ಗಳು ಬಂದು ಅದರ ಮೇಲೆ ಕೂತರೆ ಜೀನ್ ಕೆಲಸಕ್ಕೆ ಇಳಿಯುತ್ತದೆ. ಜಯಂಟ್ ಅಥವಾ ಕ್ರುಪೆಲ್ ಎಂಬ ಪ್ರೋಟೀನ್ ಬಂದು ಕೂತರೆ ಆ ಕೆಲಸ ನಿಲ್ಲುತ್ತದೆ. ಈ ಪ್ರೋಟೀನ್‌ಗಳು ಭ್ರೂಣದಲ್ಲಿ ಎಲ್ಲ ಕಡೆ ಸಮನಾಗಿ ಇಲ್ಲ. ಬೈಕಾಯ್ಡ್ ತಲೆ ಕಡೆ ಜಾಸ್ತಿ, ಹಿಂದೆ ಹೋದಂತೆ ಕಮ್ಮಿ. ಅದನ್ನು ತಯಾರಿಸುವ ಆರ್‌ಎನ್‌ಎಯನ್ನು ತಾಯಿ ನೊಣ ಮೊಟ್ಟೆಯ ಮುಂದಿನ ತುದಿಯಲ್ಲೇ ಇಟ್ಟಿರುತ್ತದೆ. ಪಟ್ಟೆಯ ಮುಂದಿನ ಅಂಚಿನಲ್ಲಿ ಜಯಂಟ್, ಹಿಂದಿನ ಅಂಚಿನಲ್ಲಿ ಕ್ರುಪೆಲ್. ನಡುವೆ ಉಳಿದ ಸಣ್ಣ ಜಾಗದಲ್ಲಿ ಮಾತ್ರ ಜೀನ್ ಕೆಲಸ ಮಾಡುತ್ತದೆ. ಅದೇ ಎರಡನೇ ಪಟ್ಟೆ. ಆ ತುಂಡಿನಲ್ಲಿ ಜಯಂಟ್ ಕೂರುವ ಜಾಗಗಳನ್ನು ಕೆಡಿಸಿದರೆ ಪಟ್ಟೆ ತಲೆ ಕಡೆಗೆ ಹರಡುತ್ತದೆ ಎಂದು ವಿಜ್ಞಾನಿ ಮೈಕೆಲ್ ಲೆವಿನ್ ಅವರ ತಂಡ 1992ರಲ್ಲಿ ತೋರಿಸಿತು. ಇಷ್ಟು ಚಂದದ ಪ್ರಯೋಗ ಕೈಯಲ್ಲಿರುವಾಗ ಅದನ್ನು ಬಿಟ್ಟದ್ದು ಯಾಕೆ?

ನಾನು ಕೆಲಸ ಕಲಿತದ್ದು ಶಿರಸಿಯ ಒಂದು ವಾರಪತ್ರಿಕೆಯಲ್ಲಿ. ಅಡಿಕೆ ಮಾರುಕಟ್ಟೆಯ ಸುದ್ದಿಯನ್ನು ಸಂಪಾದಕರು ಹೊಸ ಹುಡುಗರಿಗೇ ಕೊಡುತ್ತಿದ್ದರು. "ಚಾಲಿ ಅಡಿಕೆ ದರ ಇಳಿಯಿತು" ಎಂದು ಬರೆದುಕೊಟ್ಟರೆ ಕಾಗದ ವಾಪಸ್ಸು. "ದರಕ್ಕೆ ಕಾಲಿದೆಯಾ ಇಳಿಯೋಕೆ? ಟೆಂಡರಿನಲ್ಲಿ ಕಮ್ಮಿ ಬರೆದವರು ಯಾರು? ಯಾಕೆ ಬರೆದರು?" ಮತ್ತೆ ಯಾರ್ಡಿಗೆ ಹೋಗಬೇಕು, ವ್ಯಾಪಾರಿಗಳನ್ನು ಹಿಡಿದು ಕೇಳಬೇಕು, ತೋಟದವರ ಮಾತೂ ಕೇಳಬೇಕು. ಆಗ ಅಳು ಬರುತ್ತಿತ್ತು. ಅವರು ಒಂದು ಸಲವೂ ಬಿಟ್ಟುಕೊಡಲಿಲ್ಲ. ಹಾಗಾಗಿ ಮಾಡಿದವರು ಕಾಣದ ವಾಕ್ಯವನ್ನು ನನಗೂ ಬಿಟ್ಟುಕೊಡಲು ಆಗುವುದಿಲ್ಲ.

ಉಳಿದ ಪ್ಯಾರಾಗಳನ್ನು ಈಗ ಮುಟ್ಟಬೇಡಿ. ಮೂರನೆಯದನ್ನು ಮಾತ್ರ, ಎರಡನೇ ಪಟ್ಟೆಯ ಮೇಲೇ, ಮತ್ತೆ ಬರೆಯಿರಿ. ಉದ್ದವಾದರೂ ಅಡ್ಡಿಲ್ಲ. ಉಳಿದ ಪಟ್ಟೆಗಳಿಗೆ ಬೇರೆ ತುಂಡುಗಳಿವೆ, 3 ಮತ್ತು 7ಕ್ಕೆ ಸೇರಿ ಒಂದೇ ತುಂಡು ಎಂದು ಎರಡು ಸಾಲು ಸಾಕು. ಚಿತ್ರ ನಾವು ಬರೆಸುತ್ತೇವೆ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿದ್ದೇನೆ.